ನೀರಿನಲ್ಲಿನ ಪ್ರತಿಜೈವಿಕ ಔಷಧಾಂಶ ಮತ್ತು ದ್ಯುತಿ ಕ್ರಿಯಾವರ್ಧಕ ವಿಧಾನ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಶೃಂಗೇರಿ ಹಾಗೂ ಕೊಪ್ಪ ತಾಲ್ಲೂಕಿನ ಹರಿಹರಪುರ ತುಂಗೆಯ ದಡದಲ್ಲಿಯೂ, ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರು ಭದ್ರೆಯ ದಡದಲ್ಲಿಯೂ ಇವೆ. ಮನುಷ್ಯರು ಮತ್ತು ಜಾನುವಾರುಗಳು ಸೇವಿಸಿದ ಪ್ರತಿಜೈವಿಕ ಔಷಧದ ಒಂದು ಭಾಗವು ಮಲಮೂತ್ರದೊಡನೆ ಹೊರಬಂದು ನೀರನ್ನು ಸೇರುತ್ತದೆ. ಪ್ರಮಾಣ ಅಲ್ಪವಾದರೂ ರೋಗಾಣುಗಳು ಔಷಧಕ್ಕೆ ಮಣಿಯದಂತಾಗಲು ಇದು ಕಾರಣವಾಗಬಲ್ಲದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಶುದ್ಧೀಕರಿಸಿದ ಕಾರ್ಖಾನೆ ತ್ಯಾಜ್ಯ ನೀರಿನಲ್ಲಿಯೂ ಲೀಟರಿಗೆ 31 ಮಿ.ಗ್ರಾಂ.ವರೆಗೆ ಸಿಪ್ರೋಫ್ಲಾಕ್ಸಸಿನ್ ಇದ್ದುದು 2007ರಲ್ಲಿ ವರದಿಯಾಯಿತು. ಈ ತಾಲ್ಲೂಕುಗಳ ಸ್ಥಿತಿ ಅದಕ್ಕೆ ಹೋಲಿಸುವಂತಹುದಲ್ಲ. ಇಲ್ಲಿ ಗಮನಿಸಬೇಕಾದುದು ಆಸ್ಪತ್ರೆ ಮತ್ತು ಮನೆಗಳ ತ್ಯಾಜ್ಯ.

ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ನೇರಳಾತೀತ ಕಿರಣ ಬಿದ್ದಾಗ ನೀರಿನಲ್ಲಿ ಹೈಡ್ರಾಕ್ಸಿಲ್ ಕಣಗಳು ಉಂಟಾಗಿ ಔಷಧದ ಅಣುಗಳನ್ನು ಒಡೆಯುತ್ತವೆ. ಬಿಸಿಲಿನಲ್ಲಿ ಈ ಕಿರಣದ ಪಾಲು ಸುಮಾರು ಶೇ. 5 ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲ. ಕೆಂಪು ರಾಡಿ ನೀರಿನೊಳಗೆ ಬೆಳಕು ಇಳಿಯುವುದೂ ಇಲ್ಲ. ಬಳಸಿದ ಪುಡಿಯನ್ನು ಮರಳಿ ಬೇರ್ಪಡಿಸಬೇಕು. ಅರೆಬರೆ ಒಡೆದ ಅಣುಗಳು ಉಳಿದಿವೆಯೇ ಎಂದು ಪರೀಕ್ಷಿಸಲೂಬೇಕು. ಆದುದರಿಂದ ಇದನ್ನು ಬಾವಿ, ಕೆರೆ ಅಥವಾ ನದಿಗೆ ಹಾಕತಕ್ಕದ್ದಲ್ಲ. ಆಸ್ಪತ್ರೆಯ ತ್ಯಾಜ್ಯ ನೀರನ್ನು ಸೋಸಿ ತಿಳಿಯಾಗಿಸಿದ ನಂತರ, ನೇರಳಾತೀತ ದೀಪದಡಿಯಲ್ಲಿ, ಕೊನೆಯ ಹಂತವಾಗಿ ಬಳಸುವುದು ಸೂಕ್ತ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಔಷಧಾಂಶ ಹೋಗುತ್ತದೆಂದು ನಂಬಲಾಗದು.

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರನ್ವಯ ಆಸ್ಪತ್ರೆ, ಕ್ಲಿನಿಕ್ ಹಾಗೂ ಪಶು ಚಿಕಿತ್ಸಾಲಯಗಳು ಅವಧಿ ಮೀರಿದ ಪ್ರತಿಜೈವಿಕಗಳನ್ನು ಹಳದಿ ಚೀಲದಲ್ಲಿ ಪ್ರತ್ಯೇಕಿಸತಕ್ಕದ್ದು. ಅಧಿಕಾರ ಪತ್ರಕ್ಕಾಗಿ ನಮೂನೆ-2ರಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಸಾರ್ವಜನಿಕರು ಉಳಿದ ಮಾತ್ರೆಗಳನ್ನು ಬಚ್ಚಲಿಗಾಗಲೀ ಹಳ್ಳಕ್ಕಾಗಲೀ ಎಸೆಯಬಾರದು.