ಸಮಗ್ರ ದೃಷ್ಟಿ ಮತ್ತು ಸೂಳೆಕೆರೆಯ ಸೀಮೆ

ಅವಯವಗಳ ಮೊತ್ತಕ್ಕಿಂತ ಅವಯವಿ ಹಿರಿದು ಎಂಬ ಗ್ರಹಿಕೆ ಪ್ರಾಚೀನವಾದುದು. ಅದಕ್ಕೆ ‘ಹೋಲಿಸಂ’ ಎಂಬ ಹೆಸರು ದೊರೆತದ್ದು 1926ರಲ್ಲಿ, ದಕ್ಷಿಣ ಆಫ್ರಿಕಾದ ಯಾನ್ ಸ್ಮಟ್ಸ್‌ನ ಗ್ರಂಥದಿಂದ. (ವರ್ಣಭೇದವನ್ನು ಬೆಂಬಲಿಸಿದ ಈ ರಾಜಕಾರಣಿಯ ‘ಸಮಗ್ರ’ದಲ್ಲಿ ಅವನ ನಾಡಿನ ಕರಿಯರಿಗೆ ಸಮಾನ ಸ್ಥಾನವಿರಲಿಲ್ಲ ಎಂಬುದನ್ನು ಮರೆಯಲಾಗದು.) 1935ರಲ್ಲಿ ಟ್ಯಾನ್ಸ್ಲಿ ಈ ತತ್ತ್ವವನ್ನು ಟೀಕಿಸುತ್ತಲೇ ‘ಪರಿಸರ ವ್ಯವಸ್ಥೆ’ಯ ಪರಿಕಲ್ಪನೆಯನ್ನು ಮುಂದಿಟ್ಟನು. ಜಾನಪದ ಕ್ಷೇತ್ರದಲ್ಲಿ ಅಲನ್ ಡಂಡೆಸ್ 1964ರಲ್ಲಿ ಪಠ್ಯದೊಡನೆ ಅದರ ಭಾಷಿಕ ಹೆಣಿಗೆ ಹಾಗೂ ಸಂದರ್ಭಗಳೂ ದಾಖಲಾಗಬೇಕೆಂದು ಪ್ರತಿಪಾದಿಸಿದನು.

ಕನ್ನಡ ನೆಲದಲ್ಲಿ ಈ ವಿಚಾರದ ಪರೀಕ್ಷೆಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ತಕ್ಕ ನಿದರ್ಶನ. ಎರಡು ಬೆಟ್ಟಗಳ ನಡುವಣ ಕಣಿವೆಗೆ ಏರಿ ಹಾಕಿ ನಿರ್ಮಿಸಿದ ಈ ಕೆರೆ 11-12ನೆಯ ಶತಮಾನದ್ದೆಂದು ಹೇಳಲಾಗುತ್ತದೆ. ಇಲ್ಲಿಂದ ಹೊರಡುವ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಜಿನಿಯರುಗಳು ಇದರ ಸುತ್ತಳತೆಯನ್ನೂ ಏರಿಯ ದಾರ್ಢ್ಯವನ್ನೂ ಬೆರಗಿನಿಂದ ಬರೆದಿಟ್ಟರು. ಜನಪದರು ಶಾಂತವ್ವೆಯ ಕಥೆಯನ್ನು ಉಳಿಸಿಕೊಂಡರು. ರಾಜನ ಮಗಳಾದ ಅವಳು ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಿದಳು, ತಂದೆಯ ಊರು ಮುಳುಗಿತು, ಅವನ ಶಾಪವೇ ಕೆರೆಗೆ ಹೆಸರಾಯಿತು ಎನ್ನುತ್ತದೆ ಒಂದು ಪಾಠ. ಆ ನೆಲ ಸೂಳೆಯರ ಒಡೆತನದಲ್ಲಿತ್ತು, ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು ಎನ್ನುತ್ತದೆ ಮತ್ತೊಂದು. ಎರಡನ್ನೂ ಕೇವಲ ಐತಿಹ್ಯವೆಂದು ಬದಿಗಿರಿಸಿದರೆ ಮುಳುಗಡೆ, ಭೂಮಿಯ ಹಕ್ಕು, ಹೆಣ್ಣಿನ ಕೊಡುಗೆ ಈ ಮೂರರ ನೆನಪೂ ಚರಿತ್ರೆಯಿಂದ ಜಾರಿಹೋಗುತ್ತದೆ. ‘ಶಾಂತಿಸಾಗರ’ ಎಂಬ ಸಭ್ಯ ನಾಮಧೇಯವು ಶಾಂತವ್ವೆಯನ್ನು ಅರ್ಧ ಉಳಿಸಿ, ಹಳೆಯ ಹೆಸರಿನ ವಿವಾದವನ್ನು ಪೂರ್ತಿ ಅಳಿಸುತ್ತದೆ. ಸಂಶೋಧಕರು ಹಳೆಯ ಹೆಸರನ್ನು ಕೈಬಿಡದಿರುವುದೇ ಯುಕ್ತ.

ಹಿಂದೆ ಹೊನ್ನಾಳಿಗೆ ಸೇರಿದ್ದು ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಪವಿತ್ರ. ಹೇರೆತ್ತುಗಳ ಮೇಲೆ ಉಪ್ಪು, ದವಸ ಸಾಗಿಸಿದ ಸಮುದಾಯವಿದು. ದಾರಿ, ದನ, ವ್ಯಾಪಾರಗಳನ್ನು ಬಿಟ್ಟು ಇವರ ಹಾಡುಗಳನ್ನು ಅರ್ಥೈಸಲಾಗದು.

ಮಳೆ ಕಡಿಮೆಯಾದ ಜಗಳೂರು ಹಾಗೂ ನೆರೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ; ಕಿಲಾರಿ ಅವುಗಳನ್ನು ಕಾವಲಿನಲ್ಲಿ ಮೇಯಿಸುತ್ತಾನೆ. ಆಚರಣೆ, ತಳಿ, ಹುಲ್ಲುಗಾವಲು ಇಲ್ಲಿ ಒಂದೇ ಬದುಕಿನ ಅಂಗಗಳು. ಕಾವಲು ಕುಗ್ಗಿದಂತೆ ಕಿಲಾರಿಯ ಕಾಯಕವೂ ಅದನ್ನು ಹೊತ್ತ ಕಥನವೂ ಸೊರಗುತ್ತವೆ. ಜಗಳೂರಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವಾಯಿತು. ಕೊಂಡುಕುರಿಯ ಲೆಕ್ಕ ಅರಣ್ಯ ಇಲಾಖೆಯಲ್ಲಿದೆ, ಗೋಮಾಳದ ಲೆಕ್ಕ ಕಂದಾಯ ಇಲಾಖೆಯಲ್ಲಿದೆ. ಕಿಲಾರಿಯ ಮಾತು ಇವೆರಡರಲ್ಲೂ ಇಲ್ಲ.