ಗ್ರೆನಡಾದಲ್ಲಿ ವೈದ್ಯಕೀಯ ಶಿಕ್ಷಣ: ದ್ವೀಪದ ಬದುಕಿಗೆ ಹೊಂದಿಕೊಳ್ಳುವ ಬಗೆ

ಭೂಪಟದಲ್ಲಿ ಮೈಸೂರಿನಿಂದ ಪಶ್ಚಿಮಕ್ಕೆ ನೇರವಾಗಿ ಒಂದು ಗೆರೆ ಎಳೆಯುತ್ತ ಹೋದರೆ ಅದು ಅರಬ್ಬೀ ಸಮುದ್ರ, ಆಫ್ರಿಕಾ ಖಂಡ ಹಾಗೂ ಅಟ್ಲಾಂಟಿಕ್ ಸಾಗರವನ್ನು ದಾಟಿ, ಹೆಚ್ಚುಕಡಿಮೆ ಗ್ರೆನಡಾ ಎಂಬ ಪುಟ್ಟ ದ್ವೀಪರಾಷ್ಟ್ರವನ್ನೇ ಮುಟ್ಟುತ್ತದೆ. ಮೈಸೂರೂ ಗ್ರೆನಡಾವೂ ಸಮಭಾಜಕ ವೃತ್ತದ ಉತ್ತರಕ್ಕೆ ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿವೆ. ಆದ್ದರಿಂದ ಅಲ್ಲಿನ ಬಿಸಿಲು, ಹಗಲಿರುಳಿನ ಅಳತೆ, ತೆಂಗು, ಮಾವು, ಬಾಳೆ ಯಾವುವೂ ಕನ್ನಡಿಗರಿಗೆ ಹೊಸತಲ್ಲ. ಹೊಸತಾಗಿರುವುದು ಓದಿನ ವೇಗ, ಖರ್ಚಿನ ಹೊರೆ ಮತ್ತು ನಾಲ್ಕೂ ಕಡೆ ಕಡಲು ಸುತ್ತುವರಿದ ಒಂಟಿತನ.

ಗ್ರೆನಡಾದ ವಿಸ್ತೀರ್ಣ ಕೇವಲ 344 ಚದರ ಕಿಲೋಮೀಟರ್. ಜನಸಂಖ್ಯೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು. 1974ರಲ್ಲಿ ಬ್ರಿಟನ್ನಿನಿಂದ ಸ್ವಾತಂತ್ರ್ಯ ಪಡೆದ ಈ ನಾಡಿನಲ್ಲಿ 1976ರಲ್ಲಿ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, 1977ರ ಜನವರಿಯಲ್ಲಿ ವೈದ್ಯಕೀಯ ತರಗತಿಗಳು ಆರಂಭಗೊಂಡವು. ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಸೀಟು ದೊರೆಯದವರಿಗೆ ಇಂತಹ ದ್ವೀಪಗಳು ಮತ್ತೊಂದು ಬಾಗಿಲಾದವು. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಭಾರತೀಯ ಕುಟುಂಬಗಳ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಕೆರಿಬಿಯನ್ ವೈದ್ಯಕೀಯ ಶಿಕ್ಷಣಕ್ಕೆ ಕರ್ನಾಟಕದ ನೇರ ನಂಟೂ ಉಂಟು: ನೆರೆಯ ಆಂಟಿಗಾ ದ್ವೀಪದ ಅಮೆರಿಕನ್ ಯೂನಿವರ್ಸಿಟಿ ಆಫ್ ಆಂಟಿಗಾ 2008ರಲ್ಲಿ ಮಣಿಪಾಲ ಸಮೂಹದ ತೆಕ್ಕೆಗೆ ಸೇರಿತು.

ಓದಿನ ಚೌಕಟ್ಟು

ಪದವಿಯ ಅವಧಿ ನಾಲ್ಕು ವರ್ಷ. ಮೊದಲ ಎರಡು ವರ್ಷ ದ್ವೀಪದ ನೈರುತ್ಯ ತುದಿಯಲ್ಲಿರುವ ಟ್ರೂ ಬ್ಲೂ ಆವರಣದಲ್ಲಿ ಮೂಲ ವಿಜ್ಞಾನಗಳ ಅಧ್ಯಯನ. ನಂತರದ ಎರಡು ವರ್ಷ ಮುಖ್ಯವಾಗಿ ಅಮೆರಿಕ ಇಲ್ಲವೇ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಪ್ರಾಯೋಗಿಕ ತರಬೇತಿ. ಪಿಯುಸಿ ಮುಗಿಸಿ ನೇರವಾಗಿ ಸೇರುವವರಿಗೆ ಇದಕ್ಕೂ ಮೊದಲು ಪೂರ್ವ ವೈದ್ಯಕೀಯ ವ್ಯಾಸಂಗವಿರುತ್ತದೆ. ದ್ವೀಪದ ಎರಡು ವರ್ಷಗಳ ಕೊನೆಗೆ ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ 'ಸ್ಟೆಪ್ 1' ಎದುರಾಗುತ್ತದೆ. 2022ರ ಜನವರಿಯಿಂದ ಈ ಪರೀಕ್ಷೆಯಲ್ಲಿ ಅಂಕ ನೀಡುವ ಪದ್ಧತಿ ನಿಂತಿದ್ದು, ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸಲಾಗುತ್ತದೆ. ಪರಿಣಾಮವಾಗಿ ಎರಡನೆಯ ಹಂತದ ಅಂಕಗಳಿಗೆ ಈಗ ಹೆಚ್ಚಿನ ಬೆಲೆ ಬಂದಿದೆ.

ಮೊದಲ ಟರ್ಮ್‌ನ ಪೆಟ್ಟು

ದ್ವೀಪಕ್ಕೆ ಬಂದವರನ್ನು ಮೊದಲು ಕಂಗೆಡಿಸುವುದು ಪರೀಕ್ಷೆಯ ಬಗೆ. ನಮ್ಮಲ್ಲಿ ವರ್ಷಾಂತ್ಯದಲ್ಲಿ ದೀರ್ಘ ಉತ್ತರ ಬರೆದು ಅಭ್ಯಾಸವಾದವರಿಗೆ ಅಲ್ಲಿ ಕೆಲವೇ ವಾರಗಳಿಗೊಮ್ಮೆ ಬರುವ ಬಹು ಆಯ್ಕೆ ಪ್ರಶ್ನೆಗಳು ಎದುರಾಗುತ್ತವೆ. ರೇಡಿಯಲ್ ನರವನ್ನು ವರ್ಣಿಸಿರಿ ಎಂದು ಯಾರೂ ಕೇಳುವುದಿಲ್ಲ. ರೋಗಿಯ ಮೇಲ್ತೋಳಿನ ಮೂಳೆ ನಡುಭಾಗದಲ್ಲಿ ಮುರಿದಿದೆ, ಮಣಿಕಟ್ಟನ್ನು ಮೇಲೆತ್ತಲಾಗುತ್ತಿಲ್ಲ, ಯಾವ ನರಕ್ಕೆ ಪೆಟ್ಟಾಗಿದೆ ಎಂಬುದು ಪ್ರಶ್ನೆಯ ರೀತಿ. ಪಾಠವನ್ನು ಕಂಠಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ.

ವಾರದ ಪಾಠವನ್ನು ವಾರದೊಳಗೇ ಮುಗಿಸದಿದ್ದರೆ ಮುಂದಿನ ವಾರ ಅದು ಇಮ್ಮಡಿಯಾಗುತ್ತದೆ. ಮೊದಲ ಟರ್ಮ್‌ನಲ್ಲಿ ಎಡವಿದವರು ಮರುವ್ಯಾಸಂಗ ಮಾಡಬೇಕಾಗಬಹುದು. ಮತ್ತೆ ಎಡವಿದರೆ ಕಾಲೇಜನ್ನೇ ತೊರೆಯಬೇಕಾದೀತು. ಆಗಲೂ ಮಾಡಿದ ಸಾಲ ಉಳಿಯುತ್ತದೆ. ನಾಲ್ಕು ವರ್ಷಗಳ ಬೋಧನಾ ಶುಲ್ಕವೇ ಮೂರು ಲಕ್ಷ ಡಾಲರ್, ಅಂದರೆ ಎರಡೂವರೆ ಕೋಟಿ ರೂಪಾಯಿ ಮೀರುವ ವ್ಯವಸ್ಥೆಯಲ್ಲಿ ಇದು ಸಣ್ಣ ಮಾತಲ್ಲ. ಸೋಲಿನ ಸುಳಿವು ಸಿಕ್ಕೊಡನೆ ಅಧ್ಯಾಪಕರನ್ನೂ ಕಲಿಕಾ ನೆರವಿನ ವಿಭಾಗವನ್ನೂ ಕಾಣುವುದು ನಾಚಿಕೆಯ ವಿಷಯವಲ್ಲ. ಮನೆಯವರಿಂದ ಮುಚ್ಚಿಡುವುದೇ ಹೆಚ್ಚಿನ ಹಾನಿಗೆ ದಾರಿ.

ಒಂಟಿತನಕ್ಕೂ ಒಂದು ಲೆಕ್ಕಾಚಾರ ಬೇಕು. ಗ್ರೆನಡಾ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿದೆ. ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಮರುದಿನದ ಬೆಳಗಿನ ಆರೂವರೆ. ದಿನದ ಓದು ಮುಗಿಸಿದ ವಿದ್ಯಾರ್ಥಿಯೂ ಆಗತಾನೆ ಎದ್ದ ಅಪ್ಪ ಅಮ್ಮನೂ ಮಾತನಾಡಲು ಇದು ಸೂಕ್ತ ಹೊತ್ತು. ಹಬ್ಬಕ್ಕೆ ಊರಿಗೆ ಬಂದು ಹೋಗುವ ಅನುಕೂಲ ಇಲ್ಲಿಲ್ಲ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವ ಭಾರತೀಯರು ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಆ ದೇಶದ ವೀಸಾ ಹೊಂದಿರಬೇಕು.

ಊರಿನ ನಡೆನುಡಿ

ಆಡಳಿತ ಭಾಷೆ ಇಂಗ್ಲಿಷ್ ಆದರೂ ಜನರ ನಿತ್ಯದ ಮಾತಿನಲ್ಲಿ ಕ್ರಿಯೋಲ್ ಬೆರೆತಿರುತ್ತದೆ. ಕಿವಿ ಪಳಗಲು ಕೆಲವು ವಾರಗಳು ಬೇಕು. ಅಂಗಡಿಗೆ ಕಾಲಿಟ್ಟಾಗ ಅಥವಾ ಬಸ್ ಹತ್ತಿದಾಗ 'ಗುಡ್ ಮಾರ್ನಿಂಗ್' ಅಥವಾ 'ಗುಡ್ ಆಫ್ಟರ್‌ನೂನ್' ಎನ್ನುವುದು ಅಲ್ಲಿನ ಶಿಷ್ಟಾಚಾರ. ವಂದಿಸದೆ ನೇರವಾಗಿ ಬೆಲೆ ಕೇಳುವವರನ್ನು ಒರಟರೆಂದು ಭಾವಿಸಲಾಗುತ್ತದೆ. ಕಡಲ ತೀರದ ಈಜುಡುಗೆಯಲ್ಲಿ ಪೇಟೆಗೆ ಬರುವುದು ಸಭ್ಯತೆಯಲ್ಲ. ಸೈನಿಕರ ಸಮವಸ್ತ್ರವನ್ನು ಹೋಲುವ ಮಚ್ಚೆ ಬಟ್ಟೆ ತೊಡುವುದಂತೂ ಕಾನೂನಿಗೆ ವಿರುದ್ಧ.

ಸಂಚಾರಕ್ಕೆ ಸಂಖ್ಯೆ ಹೊತ್ತ ಖಾಸಗಿ ಮಿನಿ ಬಸ್ಸುಗಳಿವೆ. ಇಳಿಯಬೇಕಾದಲ್ಲಿ ವಾಹನದ ಮೈಯನ್ನು ಬೆರಳ ಗಂಟಿನಿಂದ ಬಡಿದರೆ ಸಾಕು. ಭಾನುವಾರ ಬಸ್ಸುಗಳು ವಿರಳ. ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ವಿದ್ಯುತ್ತಿನ ವೋಲ್ಟೇಜೂ ನಮ್ಮದರಷ್ಟೇ ಆದ್ದರಿಂದ ಇಲ್ಲಿನ ಉಪಕರಣಗಳು ಅಲ್ಲಿ ನಡೆಯುತ್ತವೆ. ಬ್ರಿಟಿಷ್ ಮಾದರಿಯ ಚೌಕ ಪಿನ್ನಿನ ಅಡಾಪ್ಟರ್ ಒಯ್ದರೆ ಆಯಿತು.

ಚಲಾವಣೆಯಲ್ಲಿರುವುದು ಪೂರ್ವ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಇದರ ದರ ಸ್ಥಿರವಾಗಿದೆ. ಟ್ಯಾಕ್ಸಿ ಹತ್ತುವ ಮುನ್ನ ಹೇಳಿದ ಬಾಡಿಗೆ ಯಾವ ಡಾಲರಿನದೆಂದು ಕೇಳಿಕೊಳ್ಳಬೇಕು. ಕೇಳದಿದ್ದರೆ ಸುಮಾರು ಮೂರು ಪಟ್ಟು ತೆರಬೇಕಾದೀತು.

ಅಡುಗೆ ಮನೆಯಲ್ಲಿ ಪರಿಚಿತರು

ಗ್ರೆನಡಾದ ರಾಷ್ಟ್ರೀಯ ಖಾದ್ಯದ ಹೆಸರು 'ಆಯಿಲ್ ಡೌನ್'. ದೀವಿ ಹಲಸು, ಕೆಸುವಿನ ಎಲೆ, ಹಿಟ್ಟಿನ ಉಂಡೆ, ಉಪ್ಪು ಹಚ್ಚಿದ ಮಾಂಸ ಅಥವಾ ಮೀನನ್ನು ಅರಿಶಿನ ಬೆರೆಸಿದ ತೆಂಗಿನ ಹಾಲಿನಲ್ಲಿ, ಹಾಲು ಇಂಗಿ ಎಣ್ಣೆ ತಳದಲ್ಲಿ ಉಳಿಯುವವರೆಗೆ ಬೇಯಿಸುತ್ತಾರೆ. ದೀವಿ ಹಲಸನ್ನು ಜೀಗುಜ್ಜೆಯೆಂದು ಕರೆದು ಪಲ್ಯ ಮಾಡುವ, ಕೆಸುವಿನ ಎಲೆಯಲ್ಲಿ ಪತ್ರೊಡೆ ಸುತ್ತುವ ಕರಾವಳಿಯವರಿಗೆ ಈ ಪದಾರ್ಥಗಳು ಮನೆಯವೇ. ಅಲ್ಲಿ ಅರಿಶಿನಕ್ಕೆ 'ಸ್ಯಾಫ್ರನ್' ಎನ್ನುವುದುಂಟು; ಕೇಸರಿಯೆಂದು ತಿಳಿದು ಮೋಸಹೋಗಬಾರದು.

ಚಪಾತಿಯಲ್ಲಿ ಆಲೂಗಡ್ಡೆ, ಕಡಲೆಯ ಸಾರು ಸುತ್ತಿ ಕೊಡುವ 'ರೋಟಿ'ಯೂ ದ್ವೀಪದಲ್ಲಿ ಜನಪ್ರಿಯ. ಅದರ ಹಿಂದೆ ನೋವಿನ ಚರಿತ್ರೆಯಿದೆ. ಗುಲಾಮಗಿರಿ ರದ್ದಾದ ಬಳಿಕ ತೋಟಗಳ ದುಡಿಮೆಗಾಗಿ ಕರಾರಿನ ಮೇಲೆ ಕರೆತಂದ ಭಾರತೀಯರನ್ನು ಹೊತ್ತ 'ಮೇಡ್‌ಸ್ಟೋನ್' ಹಡಗು 1857ರ ಮೇ 1ರಂದು ಗ್ರೆನಡಾ ತಲುಪಿತು. ಅವರ ಭಾಷೆ ಕಾಲಕ್ರಮದಲ್ಲಿ ಅಳಿಯಿತು, ಅಡುಗೆ ಉಳಿಯಿತು.

ಸಸ್ಯಾಹಾರಿಗಳು ಪ್ರತಿಬಾರಿಯೂ ವಿಚಾರಿಸಿಯೇ ಉಣ್ಣಬೇಕು. ರಾಸ್ತಫಾರಿ ಪಂಥದವರ 'ಐಟಲ್' ಅಡುಗೆ ಸಾಮಾನ್ಯವಾಗಿ ಮಾಂಸರಹಿತ. ಅಂಗಡಿಯ ಸರಕಿನಲ್ಲಿ ಬಹುಪಾಲು ಹಡಗಿನಲ್ಲಿ ಬರುವುದರಿಂದ ದುಬಾರಿ. ರಾಜಧಾನಿಯ ಶನಿವಾರದ ಸಂತೆಯಲ್ಲಿ ಸ್ಥಳೀಯ ತರಕಾರಿ, ಹಣ್ಣು, ಜಾಯಿಕಾಯಿ ಕೊಂಡು ತಾವೇ ಅಡುಗೆ ಮಾಡಿಕೊಳ್ಳುವವರ ಕೈಯಲ್ಲಿ ಹಣ ಉಳಿಯುತ್ತದೆ.

ಸೊಳ್ಳೆ, ಮರ ಮತ್ತು ಚಂಡಮಾರುತ

ಜನವರಿಯಿಂದ ಮೇವರೆಗೆ ಒಣ ಹವೆ. ಆಗ ನೀರನ್ನು ಎಣಿಸಿ ಬಳಸಬೇಕು. ಡೆಂಗಿ, ಚಿಕುನ್‌ಗುನ್ಯಾ ಹರಡುವ ಸೊಳ್ಳೆಗಳು ಅಲ್ಲಿಯೂ ಇವೆ. ಕಡಲಂಚಿನಲ್ಲಿ ಬೆಳೆಯುವ ಮ್ಯಾಂಚಿನೀಲ್ ಮರದ ಹಣ್ಣು ಪುಟ್ಟ ಸೇಬಿನಂತೆ ಕಂಡರೂ ವಿಷಕಾರಿ. ಹಾಲಿನಂತಹ ಅದರ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಆ ಮರದಡಿ ನಿಲ್ಲುವುದೂ ಅಪಾಯ.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಗ್ರೆನಡಾ ಚಂಡಮಾರುತದ ಹಾದಿಯಿಂದ ದಕ್ಷಿಣಕ್ಕಿದೆ ಎಂಬ ನೆಮ್ಮದಿ ಒಂದು ಕಾಲಕ್ಕೆ ಅಲ್ಲಿತ್ತು. 2004ರ ಸೆಪ್ಟೆಂಬರ್ 7ರಂದು ಅಪ್ಪಳಿಸಿದ 'ಐವನ್' ಆ ನಂಬಿಕೆಯನ್ನು ಅಳಿಸಿತು. ಬಹುಪಾಲು ಮನೆಗಳು ಹಾನಿಗೊಂಡವು, ಜಾಯಿಕಾಯಿ ತೋಟಗಳು ನೆಲಕಚ್ಚಿದವು, ವೈದ್ಯ ವಿದ್ಯಾರ್ಥಿಗಳ ಓದು ತಾತ್ಕಾಲಿಕವಾಗಿ ಅಮೆರಿಕಕ್ಕೆ ಸ್ಥಳಾಂತರವಾಯಿತು. 2017ರಲ್ಲಿ 'ಮರಿಯಾ' ಡೊಮಿನಿಕಾ ದ್ವೀಪವನ್ನು ಧ್ವಂಸ ಮಾಡಿದಾಗ ಅಲ್ಲಿನ ರಾಸ್ ವಿಶ್ವವಿದ್ಯಾಲಯ ಸೇಂಟ್ ಕಿಟ್ಸ್ ಬಳಿ ಲಂಗರು ಹಾಕಿದ ಹಡಗಿನಲ್ಲಿ ತರಗತಿ ನಡೆಸಿತು. 2019ರಲ್ಲಿ ಬಾರ್ಬಡೋಸಿಗೆ ತೆರಳಿತು. 2024ರ ಜುಲೈ 1ರಂದು 'ಬೆರಿಲ್' ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ನುಚ್ಚುನೂರು ಮಾಡಿತು. ಋತು ಆರಂಭವಾಗುವ ಮುನ್ನವೇ ಕುಡಿಯುವ ನೀರು, ಟಾರ್ಚ್, ಒಣ ಆಹಾರ, ನೀರು ತಾಗದ ಚೀಲದಲ್ಲಿ ಪಾಸ್‌ಪೋರ್ಟ್ ಸಿದ್ಧವಿರುವುದು ಲೇಸು.

ಇತಿಹಾಸದ ನೆರಳು

ಪ್ರಧಾನಿ ಮಾರಿಸ್ ಬಿಷಪ್ ಅವರ ಹತ್ಯೆಯಾದ ಆರು ದಿನಗಳ ನಂತರ, 1983ರ ಅಕ್ಟೋಬರ್ 25ರಂದು ಅಮೆರಿಕದ ಸೇನೆ ಗ್ರೆನಡಾದ ಮೇಲಿಳಿಯಿತು. ಅದಕ್ಕೆ ಅಧ್ಯಕ್ಷ ರೇಗನ್ ನೀಡಿದ ಮುಖ್ಯ ಕಾರಣಗಳಲ್ಲೊಂದು ಇದೇ ವಿಶ್ವವಿದ್ಯಾಲಯದ ಅಮೆರಿಕನ್ ವಿದ್ಯಾರ್ಥಿಗಳ ರಕ್ಷಣೆ. ಅದನ್ನು ಬಿಡುಗಡೆಯೆನ್ನುವವರೂ ಆಕ್ರಮಣವೆನ್ನುವವರೂ ದ್ವೀಪದಲ್ಲಿದ್ದಾರೆ. ಅಕ್ಟೋಬರ್ 25 ಅಲ್ಲಿ ಕೃತಜ್ಞತಾ ದಿನ. ವಿಮಾನ ನಿಲ್ದಾಣಕ್ಕೆ 2009ರಲ್ಲಿ ಇಟ್ಟದ್ದು ಬಿಷಪ್ ಹೆಸರು. ಹೊಸಬರು ಈ ವಿಷಯದಲ್ಲಿ ಮಾತನಾಡುವುದಕ್ಕಿಂತ ಆಲಿಸುವುದು ಮೇಲು.

ಮರಳುವ ದಾರಿ ತೆರೆದಿದೆಯೇ?

ಕರ್ನಾಟಕದ ಪೋಷಕರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ವಿದೇಶದಲ್ಲಿ ಓದಿ ಭಾರತದಲ್ಲಿ ವೃತ್ತಿ ನಡೆಸಬೇಕೆನ್ನುವವರು ನೀಟ್ ಅರ್ಹತೆ ಪಡೆದಿರಬೇಕು. ಮರಳಿದ ಮೇಲೆ ವಿದೇಶಿ ವೈದ್ಯ ಪದವೀಧರರ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಗಳಿಸಬೇಕು. 2021ರ ನವೆಂಬರ್ 18ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳು ಇನ್ನೂ ಬಿಗಿ. ಕನಿಷ್ಠ 54 ತಿಂಗಳ ವ್ಯಾಸಂಗ ಮತ್ತು 12 ತಿಂಗಳ ಇಂಟರ್ನ್‌ಶಿಪ್ ಒಂದೇ ವಿದೇಶಿ ಸಂಸ್ಥೆಯಲ್ಲಿ ಆಗಿರಬೇಕು. ಪದವಿ ನೀಡಿದ ದೇಶ ಬಿಟ್ಟು ಬೇರೆ ದೇಶದಲ್ಲಿ ತರಬೇತಿಯ ಯಾವ ಭಾಗವೂ ನಡೆದಿರಕೂಡದು. ಎರಡು ವರ್ಷ ದ್ವೀಪದಲ್ಲಿ, ಎರಡು ವರ್ಷ ಅಮೆರಿಕದಲ್ಲಿ ಎಂಬ ಕೆರಿಬಿಯನ್ ಮಾದರಿ ಈ ಷರತ್ತಿಗೆ ಹೊಂದುವುದಿಲ್ಲ. ನಾಲ್ಕು ವರ್ಷದ ಪದವಿ 54 ತಿಂಗಳನ್ನೂ ಮುಟ್ಟುವುದಿಲ್ಲ.

ಅಮೆರಿಕದಲ್ಲೇ ಉಳಿಯುವ ದಾರಿಯೂ ಸರಳವಲ್ಲ. ರೆಸಿಡೆನ್ಸಿ ಸ್ಥಾನ ದೊರೆಯಬೇಕು. ಭಾರತೀಯ ಪ್ರಜೆಗಳಿಗೆ ಅದರ ಜೊತೆ ವೀಸಾವೂ ಬೇಕು. ಜೆ-1 ವೀಸಾ ಪಡೆದವರು ತರಬೇತಿಯ ನಂತರ ಎರಡು ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು.

ದ್ವೀಪದ ಬಿಸಿಲಿಗೂ ಊಟಕ್ಕೂ ಮಿನಿ ಬಸ್ಸಿಗೂ ಕೆಲವು ತಿಂಗಳಲ್ಲಿ ಒಗ್ಗಿಕೊಳ್ಳಬಹುದು. ಮುಂದೆ ಯಾವ ದೇಶದಲ್ಲಿ ವೈದ್ಯರಾಗಬೇಕು ಎಂಬ ತೀರ್ಮಾನವನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ಮಾಡಲಾಗದು. ಶುಲ್ಕ ಕಟ್ಟುವ ಮುನ್ನ, ಏಜೆಂಟರ ಮಾತನ್ನಷ್ಟೇ ನೆಚ್ಚದೆ, ಆಯೋಗದ ನಿಯಮಾವಳಿಯನ್ನು ಮನೆಯವರೆಲ್ಲ ಕುಳಿತು ಓದುವುದು ಈ ಪ್ರಯಾಣದ ಮೊದಲ ಪಾಠವಾಗಲಿ.