ಮಿರಜದಲ್ಲಿ ಯೆಜ್ಡಿ ಬಿಚ್ಚುವಾಗ

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ಮಾಡಿತು. ಮಿರಜದ ನನ್ನ ಗ್ಯಾರೇಜಿಗೆ ಅವು ಇನ್ನೂ ಬರುತ್ತವೆ. ಅವುಗಳ ಸೈಲೆನ್ಸರ್ ಪೈಪನ್ನು ಸಿಲಿಂಡರಿಗೆ ಬಿಗಿಹಿಡಿಯುವುದು ಬೋಲ್ಟಲ್ಲ, ದೊಡ್ಡ ಉಂಗುರದಂಥ ನಟ್ಟು. ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆಮಸಿ, ಕಾವು, ತುಕ್ಕು ಸೇರಿ ಅದು ಕಚ್ಚಿಕೊಳ್ಳುತ್ತದೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುವ ರೂಢಿಯಿಂದ ಎಷ್ಟೋ ಒಳ್ಳೆಯ ಸಿಲಿಂಡರುಗಳ ಥ್ರೆಡ್ ಹಾಳಾಗಿದೆ, ನೋಡಿದರೆ ಸಂಕಟವಾಗುತ್ತದೆ. ರಾತ್ರಿಯೇ ಡೀಸೆಲ್ ಬಿಟ್ಟು, ಬೆಳಿಗ್ಗೆ ಕಾಯಿಸಿ, ಕೊಕ್ಕೆ ಪಾನಾ ಹಾಕಿದರೆ ಸಾಕು, ಅದು ಸಡಿಲಾಗುತ್ತದೆ. ಥ್ರೆಡ್ ಹೋಗಿದ್ದರೆ ಮಾತ್ರ ಸಾಂಗಲಿಯ ಲೇಥಿಗೆ ಒಯ್ಯಬೇಕು.

ಕಬ್ಬಿಣದ ಕೆಲಸ ಈ ಸೀಮೆಗೆ ಹಳೆಯದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ನೇಗಿಲು ಮಾಡುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಊರು ಇಂದು ಸಾಂಗಲಿ ಜಿಲ್ಲೆಯಲ್ಲಿದೆ.